ಇಪ್ಪತ್ತು ಗಜದ ಬೇಟೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸೆಪ್ಟೆಂಬರ್ ಬಂತೆಂದರೆ ಬಿಲ್ಲುಗಾರರಿಗೆಂದೇ ಮೀಸಲಾದ ಬೇಟೆಯ ಋತು ಶುರು. ಆಗ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡಲು ಮಾಮೂಲಿ ಪರವಾನಗಿ ಸಾಲದು, ಬಿಲ್ಲಿನದು ಬೇರೆಯೇ ಬೇಕು. ಹೊಸಬರಿಗೆ ಅದು ಸಿಗುವುದು ಬಿಲ್ಲುಬೇಟೆಯ ತರಬೇತಿ ಮುಗಿಸಿದ ಪ್ರಮಾಣಪತ್ರ ತೋರಿಸಿದ ಮೇಲೆಯೇ. ಬಿಲ್ಲು 28 ಇಂಚಿಗಿಂತ, ಬಾಣ 20 ಇಂಚಿಗಿಂತ ಗಿಡ್ಡವಾಗಿರಕೂಡದು. ಅಲಗು ಸೇರಿ ಬಾಣದ ತೂಕ ಕನಿಷ್ಠ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ಇರಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷೇಧವಾಗಿರುವ ನಾಡಿನವರಾದ ನಮಗೆ ಈ ಲೆಕ್ಕಾಚಾರ ವಿಚಿತ್ರವೆನಿಸಬಹುದು. ಕಾರಣವಿದೆ. ಬಾಣಕ್ಕೆ ಗುಂಡಿನ ರಭಸವಿಲ್ಲ. ಅದು ಕೊಲ್ಲುವುದು ಸೀಳಿ, ನೆತ್ತರು ಹರಿಸಿ. ಅಲಗು ಮೊಂಡಾದರೆ, ಗುರಿ ಗೇಣುದ್ದ ತಪ್ಪಿದರೆ ಪ್ರಾಣಿ ದಿನಗಟ್ಟಲೆ ನರಳುತ್ತದೆ. ಹಾಗಾಗಿ ತರಬೇತಿಯ ತಿರುಳೇ ಬಾಣ ಬಿಡದಿರುವುದನ್ನು ಕಲಿಸುವುದು ಎಂದು ನನಗನ್ನಿಸುತ್ತದೆ. ಪ್ರಾಣಿ ಪಕ್ಕೆ ತೋರಿಸಿ ನಿಂತಿದ್ದರೆ, ಇಲ್ಲವೇ ತುಸು ಆಚೆ ತಿರುಗಿದ್ದರೆ ಬಾಣ ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಎದುರಿಗೆ ನಿಂತಿದ್ದರೆ ಹೆದೆಯನ್ನು ಮೆಲ್ಲಗೆ ಸಡಿಲಿಸಬೇಕು.

ಬಾಣ ನಾಟಿತೆಂದು ಓಡುವಂತಿಲ್ಲ. ಕನಿಷ್ಠ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಮೈಲುಗಟ್ಟಲೆ ದೂರ ಹೋಗಿಬಿಡುತ್ತದೆ. ಆಮೇಲೆ ಜಾಡು ಓದುವ ಕೆಲಸ. ನೊರೆಗಟ್ಟಿದ ತಿಳಿಗೆಂಪು ರಕ್ತ ಶ್ವಾಸಕೋಶದ್ದು. ಕಡುಗೆಂಪು ಇದ್ದರೆ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದಿದೆ, ಇನ್ನೂ ಹಲವು ಗಂಟೆ ಕಾಯಬೇಕು.

ಗಾಲಿ, ಗುರಿಕಣ್ಣುಗಳಿಲ್ಲದ ಹಳೆಯ ಬಗೆಯ ಬಿಲ್ಲು ಹಿಡಿದವರಿಗೆ ಇದೆಲ್ಲ ಇನ್ನೂ ಕಠಿಣ. ಹಲವರು ತಮಗೆ ತಾವೇ ಹಾಕಿಕೊಳ್ಳುವ ಮಿತಿ ಸುಮಾರು 20 ಗಜ. ಅಷ್ಟು ಹತ್ತಿರ ಸಾಗಬೇಕಾದರೆ ಗಾಳಿಯ ದಿಕ್ಕು ಗೊತ್ತಿರಬೇಕು. ಮಂಡಿಯೂರಿ, ಕೂತು, ಇಳಿಜಾರಿನಲ್ಲಿ ನಿಂತು ತಿಂಗಳುಗಟ್ಟಲೆ ಅಭ್ಯಾಸ ಮಾಡಿರಬೇಕು. ಮೈ ಬಿಸಿಯಾಗುವ ಮೊದಲೇ ಬಿಟ್ಟ ದಿನದ ಮೊದಲ ಬಾಣ ಎಲ್ಲಿ ನಾಟಿತೆಂಬುದೇ ನಿಜವಾದ ಪರೀಕ್ಷೆ. ಕಾಡಿನಲ್ಲಿ ಸಿಗುವುದು ಅದೊಂದೇ.

ಈ ವಿದ್ಯೆಗೆ ಅಮೆರಿಕದಲ್ಲಿ ಮರುಹುಟ್ಟು ಕೊಟ್ಟವರಲ್ಲಿ ಇಷಿಯನ್ನು ನೆನೆಯಲೇಬೇಕು. ವಲಸಿಗರ ದಾಳಿಗೆ ಬಲಿಯಾದ ಯಾಹಿ ಬುಡಕಟ್ಟಿನಲ್ಲಿ ಉಳಿದ ಕೊನೆಯವನೆಂದು ಹೆಸರಾದ ಆತ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಕಾಣಿಸಿಕೊಂಡ. ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್‌ಗೆ ಬಿಲ್ಲುವಿದ್ಯೆ ಕಲಿಸಿದ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬರೆದ ಪುಸ್ತಕ ಬಿಲ್ಲುಬೇಟೆಗಾರರಿಗೆ ಆಕರಗ್ರಂಥವಾಯಿತು. 1961ರಲ್ಲಿ ಹುಟ್ಟಿದ ಬೇಟೆಗಾರರ ಕ್ಲಬ್ಬಿಗೆ ಪೋಪ್ ಮತ್ತು ಆತನ ಗೆಳೆಯ ಯಂಗ್‌ರ ಹೆಸರಿದೆ. ಇಷಿಯ ಹೆಸರಿಲ್ಲ, ಇರಬೇಕಿತ್ತು.