ಗೀಚುಗೆರೆಯೂ ತಾಳವೂ: ಎಳೆಯರ ಮೊದಲ ಪಾಠ

ಎರಡೂವರೆ ವರ್ಷದ ಮಗು ಕಾಗದದ ತುಂಬ ಬಣ್ಣ ಗೀಚಿ ತಂದು ತೋರಿಸಿದಾಗ ಹಿರಿಯರಿಂದ ಬರುವ ಮೊದಲ ಮಾತು 'ಇದೇನಿದು?' ಎಂಬುದು. ಮಗುವಿನಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ಅದು ಆನೆಯನ್ನೋ ಮನೆಯನ್ನೋ ಬರೆಯಲು ಹೊರಟದ್ದಲ್ಲ. ಕೈ ಆಡಿದಂತೆ ಗೆರೆ ಮೂಡುವ ಸೋಜಿಗವನ್ನು ಸವಿದದ್ದು. ಗುರುತಿಸಬಹುದಾದ ವಸ್ತುವಿಲ್ಲದೆ ಗೆರೆ, ಬಣ್ಣ, ಆಕಾರಗಳಿಂದಲೇ ಭಾವವನ್ನು ತಿಳಿಸುವ ಚಿತ್ರವನ್ನು ಅಮೂರ್ತ ಚಿತ್ರವೆನ್ನುತ್ತಾರೆ. ಆ ಅರ್ಥದಲ್ಲಿ ಮಕ್ಕಳೆಲ್ಲರೂ ಅಮೂರ್ತ ಕಲೆಯಿಂದಲೇ ಆರಂಭಿಸುತ್ತಾರೆ.

ಅಮೆರಿಕದ ಶಿಶುಶಿಕ್ಷಣ ತಜ್ಞೆ ರೋಡಾ ಕೆಲಾಗ್ ಅವರು 1969ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಮಕ್ಕಳ ಗೀಚುಗಳನ್ನು 20 ಮೂಲ ಬಗೆಗಳಾಗಿ ವಿಂಗಡಿಸಿದ್ದಾರೆ. ಚುಕ್ಕೆ, ನೇರಗೆರೆ, ಬಳುಕುಗೆರೆ, ಸುರುಳಿಗಳು ಅವುಗಳಲ್ಲಿ ಕೆಲವು. ಸುಮಾರು ಮೂರರ ಪ್ರಾಯದಲ್ಲಿ ಗೆರೆಯ ತುದಿಗಳು ಕೂಡಿ ವೃತ್ತ ಮೂಡುತ್ತದೆ. ದುಂಡನೆಯ ಕನ್ನಡ ಲಿಪಿಗೆ ಇದಕ್ಕಿಂತ ಉತ್ತಮ ಸಿದ್ಧತೆ ಬೇರೆ ಇಲ್ಲ. ವೃತ್ತ ಒಲಿದ ಕೈಗೆ 'ಠ', 'ರ'ಗಳು ದೂರವಲ್ಲ.

ತಾಳದ ಅರಿವು ಇದಕ್ಕೂ ಮೊದಲಿನದು. ನಿಯತವಾದ ತಾಳದ ಮುಖ್ಯ ಪೆಟ್ಟು ತಪ್ಪಿದಾಗ, ಹುಟ್ಟಿ ಎರಡು ಮೂರು ದಿನಗಳಾದ ನಿದ್ರಿಸುವ ಶಿಶುವಿನ ಮಿದುಳೂ ಅದನ್ನು ಗುರುತಿಸುತ್ತದೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಗೆರೆಗೂ ಲಯಕ್ಕೂ ಇರುವ ನಂಟಿಗೆ ನಮ್ಮವರೇ ಸಾಕ್ಷಿ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಕಲಿಸಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲು ಕಥಕ್ ನೃತ್ಯವನ್ನೇ ಅಭ್ಯಸಿಸಿದರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರು 'ದಿ ಸಿಂಗಿಂಗ್ ಲೈನ್', ಎಂದರೆ ಹಾಡುವ ರೇಖೆ. ಅಮೂರ್ತ ಕಲೆಯ ಮೊದಲಿಗರಲ್ಲೊಬ್ಬರಾದ ರಷ್ಯದ ಕಾಂಡಿನ್‌ಸ್ಕಿಯವರೂ ತಮ್ಮ ಅನೇಕ ಚಿತ್ರಗಳಿಗೆ ಸಂಗೀತದ ಪರಿಭಾಷೆಯಿಂದಲೇ ಹೆಸರಿಟ್ಟರು.

ಇದನ್ನು ಮನೆಯಲ್ಲಿಯೇ ಪ್ರಯೋಗಿಸಬಹುದು. ನೆಲದ ಮೇಲೆ ದೊಡ್ಡ ಕಾಗದ ಹಾಸಿ, ಎರಡು ಮೂರು ಬಣ್ಣಗಳನ್ನಷ್ಟೇ ಕೊಡಿರಿ. ಮೊದಲು ಮಲ್ಲಿಕಾರ್ಜುನ ಮನ್ಸೂರರ ವಿಲಂಬಿತ ಆಲಾಪವನ್ನೂ ಬಳಿಕ ಯಕ್ಷಗಾನದ ಚೆಂಡೆಯನ್ನೂ ಕೇಳಿಸಿರಿ. ಕೇಳುತ್ತ ಗೆರೆ ಎಳೆಯಲಿ. ಹತ್ತು ನಿಮಿಷ ಸಾಕು. ತಿದ್ದಬೇಡಿರಿ. 'ಇದೇನಿದು?' ಎನ್ನದೆ, 'ಈ ಗೆರೆ ಮೆಲ್ಲಗೆ ನಡೆಯಿತೋ, ಓಡಿತೋ? ಎಲ್ಲಿ ತಿರುಗಿತು?' ಎಂದು ಕೇಳಿರಿ. ರಜೆಯ ಸಂಜೆ ಬೇಲಾಪುರದ ಆರ್ಟಿಸ್ಟ್ ವಿಲೇಜಿಗೆ ಕರೆದೊಯ್ಯಿರಿ. 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಆ ಬಡಾವಣೆಯಲ್ಲಿ ಉಳಿದಿರುವ ಹಳೆಯ ಮನೆಗಳ ಇಳಿಜಾರು ಮಾಡು, ನಡುವಣ ಅಂಗಳಗಳಲ್ಲಿ ಮಗು ತ್ರಿಕೋನ, ಚೌಕಗಳನ್ನು ತಾನೇ ಹುಡುಕಲಿ.

ಇಲ್ಲಿ ಚಿತ್ರಕ್ಕಿಂತ ಹಿರಿದಾದ ವಿಷಯವೊಂದಿದೆ. ನವಿ ಮುಂಬಯಿಯ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ಹಿಂದಿ. ಶಾಲೆಯಲ್ಲಿ ಬಹುತೇಕ ಇಂಗ್ಲಿಷ್. ಮನೆಯ ಕನ್ನಡವೂ 'ಊಟ ಮಾಡು', 'ಮಲಗು', 'ಬೇಗ ಹೊರಡು' ಎಂಬ ಆಜ್ಞೆಗಳಿಗೆ ಸೀಮಿತವಾದರೆ ಮಗು ಆ ಭಾಷೆಯನ್ನು ಪಾಲಿಸಲು ಕಲಿಯುತ್ತದೆಯೇ ಹೊರತು ಅದರಲ್ಲಿ ಯೋಚಿಸಲು ಕಲಿಯದು. ಉರುಟು, ಓರೆ, ತೆಳು, ಬಳುಕು, ಮಿನುಗು ಮುಂತಾದ ಮಾತುಗಳಿಗೆ ಗೀಚುಚಿತ್ರವೊಂದು ಸಹಜವಾದ ಅವಕಾಶ. ಅಜ್ಜ ಅಜ್ಜಿಯರು ಊರಿನಿಂದ ಬಂದಾಗ ಆ ಕಾಗದವನ್ನು ಅವರ ಮುಂದಿಡಿರಿ. ಮಗು ತನ್ನ ಗೆರೆಯ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದರೆ ಅಕ್ಷರಾಭ್ಯಾಸ ಅದಾಗಲೇ ಆರಂಭವಾಯಿತೆಂದು ತಿಳಿಯಬಹುದು.