ಮನೆಯ ಗಣಕಯಂತ್ರಕ್ಕೆ ಬರಹದ ಸಲಕರಣೆ

(ಬಾನುಲಿ ಭಾಷಣ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ನಮ್ಮ ಊರುಗಳ ಮನೆಗಳಿಗೂ ಗಣಕಯಂತ್ರ ಬಂದು ಬಹುಕಾಲವಾಯಿತು. ಯಂತ್ರವನ್ನು ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ನಾವು, ಅದರೊಳಗೆ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಬೇಕಾದ ತಂತ್ರಾಂಶದ ವಿಷಯದಲ್ಲಿ ಮಾತ್ರ ಅಂಗಡಿಯವರು ತುಂಬಿಕೊಟ್ಟದ್ದನ್ನೇ ಪ್ರಸಾದವೆಂದು ಸ್ವೀಕರಿಸಿ ಸುಮ್ಮನಾಗುತ್ತೇವೆ. ಲೇಖನಿ ಯಾವುದಾದರೇನು, ಬರಹ ಮುಖ್ಯವಲ್ಲವೆ ಎಂಬುದು ನಾವು ಹೇಳಿಕೊಳ್ಳುವ ಸಮಾಧಾನ. ಲೇಖನಿಯ ಮಟ್ಟಿಗೆ ಈ ಮಾತು ನಿಜ. ಕಾಗದದ ಮೇಲೆ ಮೂಡಿದ ಅಕ್ಷರವನ್ನು ಓದಲು ಅದನ್ನು ಬರೆದ ಲೇಖನಿಯೇ ಬೇಕಾಗಿಲ್ಲ. ಗಣಕಯಂತ್ರದ ಬರಹಕ್ಕೆ ಆ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ. ವಿವೇಚನೆಯಿಂದ ಆರಿಸಿ ಅದನ್ನು ದೊರಕಿಸಿಕೊಳ್ಳಬೇಕು. ಅದು ಹೇಗೆ ಎಂಬುದೇ ಈ ಹೊತ್ತಿನ ವಿಚಾರ.

ಕಚೇರಿ ತಂತ್ರಾಂಶವೆಂದು ಕರೆಯುವ ಕಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಉಪಕರಣಗಳಿರುತ್ತವೆ. ಬರೆಯುವುದಕ್ಕೆ ಒಂದು, ಮನೆಮನೆಯಾಗಿ ಗೆರೆ ಹಾಕಿದ ಹಾಳೆಯಲ್ಲಿ ಲೆಕ್ಕವಿಡುವುದಕ್ಕೆ ಒಂದು, ಸಭೆಯಲ್ಲಿ ತೆರೆಯ ಮೇಲೆ ತೋರಿಸುವುದಕ್ಕೆ ಮತ್ತೊಂದು. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಮಂಡಿಗೆ ಹಾಕಿದ ಹಣ್ಣಿನ ತೂಕ, ದರ, ಬಾಕಿಗಳ ಲೆಕ್ಕ ಬೇಕು. ಮಾಲೂರಿನ ಹೆಂಚಿನ ವ್ಯಾಪಾರಿಗೆ ಬಿಲ್ಲು ಬೇಕು. ಉಪಾಧ್ಯಾಯರಿಗೆ ಪ್ರಶ್ನಪತ್ರಿಕೆ ಬೇಕು. ಇಷ್ಟು ಕೆಲಸವನ್ನು ಹೆಸರಾಂತ ತಂತ್ರಾಂಶಗಳೆಲ್ಲವೂ ಮಾಡುತ್ತವೆ. ಆದಕಾರಣ ಆಯ್ಕೆಯ ಅಳತೆಗೋಲು ಬೇರೆಯಿರಬೇಕು. ನಾನು ಮೂರು ಪ್ರಶ್ನೆಗಳನ್ನು ಸೂಚಿಸುತ್ತೇನೆ: ಅದರಲ್ಲಿ ಕನ್ನಡ ಹೇಗೆ ಉಳಿಯುತ್ತದೆ? ಕಡತ ಯಾವ ರೂಪದಲ್ಲಿ ಉಳಿಯುತ್ತದೆ? ಹಣ ಕೊಡುವುದನ್ನು ನಿಲ್ಲಿಸಿದ ದಿನ ಏನಾಗುತ್ತದೆ?

ಮೊದಲನೆಯದೇ ನಮಗೆ ಮುಖ್ಯವಾದದ್ದು. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸಂಖ್ಯೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯೆಂದು ಗೊತ್ತುಮಾಡಿರುತ್ತಾರೆ. ಹಿಂದೆ ಆ ಸಂಖ್ಯೆಗಳು ರೋಮನ್ ಲಿಪಿಗೆ ಮೀಸಲಾಗಿದ್ದುವು. ಕನ್ನಡಕ್ಕಾಗಿ ದುಡಿದವರು ಆ ಸ್ಥಾನಗಳಲ್ಲಿಯೇ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು, 1998ರಲ್ಲಿ 'ಬರಹ'ವನ್ನು ಹೊರತಂದ ಶೇಷಾದ್ರಿವಾಸು, 'ನುಡಿ'ಯನ್ನು ಉಚಿತವಾಗಿ ಹಂಚಿದ ಕನ್ನಡ ಗಣಕ ಪರಿಷತ್ತು, ಇವರ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೆ ಆ ಹಳೆಯ ವ್ಯವಸ್ಥೆಯಲ್ಲಿ ಯಂತ್ರದ ಹೊಟ್ಟೆಯೊಳಗಿರುವುದು ರೋಮನ್ ಅಕ್ಷರವೇ. ಕನ್ನಡವೆಂಬುದು ಮೇಲೆ ತೊಡಿಸಿದ ವೇಷ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ವೇಷ ಕಳಚಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಎದುರಾಗುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಈ ತೊಡಕನ್ನು ಬಿಡಿಸಿತು. ಅದರಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳುಂಟು. 'ಸೂರ್ಯ' ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ಮೊದಲು ಯಕಾರ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ನಾಲಗೆ ನುಡಿಯುವಂತೆ ಮೊದಲು ರೇಫೆ, ಆಮೇಲೆ ಯಕಾರ. ವ್ಯಾಕರಣ ಹೇಳುವ ಕ್ರಮವೂ ಇದೇ. ಆದ್ದರಿಂದಲೇ ಯೂನಿಕೋಡಿನಲ್ಲಿ ಬರೆದ ಪದಪಟ್ಟಿಯನ್ನು ಯಂತ್ರ ಅಕಾರಾದಿಯಾಗಿ ಜೋಡಿಸಿಕೊಡಬಲ್ಲದು, ಬೇಕಾದ ಪದವನ್ನು ಹುಡುಕಿಕೊಡಬಲ್ಲದು. 'ಬರಹ', 'ನುಡಿ'ಗಳೂ ಮುಂದೆ ಈ ಮಾರ್ಗವನ್ನೇ ಹಿಡಿದುವು.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಯೂನಿಕೋಡಿನ ಕೋಷ್ಟಕದಲ್ಲಿ ತಮಿಳು, ತೆಲುಗು, ಕನ್ನಡಗಳ ಸ್ಥಾನಗಳು ಒಂದರ ಪಕ್ಕದಲ್ಲಿ ಒಂದಿವೆ, ನಮ್ಮ ಸಂತೆಬೀದಿಗಳಲ್ಲಿ ಆ ಭಾಷೆಗಳನ್ನಾಡುವವರು ಇರುವ ಹಾಗೆಯೇ. ಒಂದೇ ಹಾಳೆಯಲ್ಲಿ ತೆಲುಗು ಪದವನ್ನು ತೆಲುಗು ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯಬಹುದು.

ಇದು ಬರಿಯ ಅನುಕೂಲದ ಮಾತಲ್ಲ. ಮುಳಬಾಗಿಲು ಸೀಮೆಯ ಹಿರಿಯ ಉಪಾಧ್ಯಾಯರೊಬ್ಬರು ಹಳ್ಳಿಯ ಹೆಂಗಸರು ಹಾಡುತ್ತಿದ್ದ ತೆಲುಗು ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಟಿಪ್ಪಣಿ ಸೇರಿಸಿ ಹಳೆಯ ಫಾಂಟಿನಲ್ಲಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗ ಕಡತವನ್ನು ತೆರೆದಾಗ ಕಂಡದ್ದು ಮೇಲೆ ಹೇಳಿದ ರಾಶಿ. ಫಾಂಟಿನ ಹೆಸರನ್ನು ಪತ್ತೆಮಾಡಿ, ಪರಿವರ್ತಕದಿಂದ ಯೂನಿಕೋಡಿಗೆ ತಂದದ್ದಾಯಿತು. ಬಹುಪಾಲು ಉಳಿಯಿತು. ಆದರೆ ಕೆಲವು ಒತ್ತಕ್ಷರಗಳು ಕೆಟ್ಟು ಬಂದುವು. ಕನ್ನಡದ ಟಿಪ್ಪಣಿಗಳನ್ನು ಊಹೆಯಿಂದ ತಿದ್ದಬಹುದಾಗಿತ್ತು. ಹಾಡುಗಳಲ್ಲಿ ಆ ಪದ ಯಾವುದೆಂದು ಕೇಳೋಣವೆಂದರೆ ಹಾಡಿದವರೂ ಇಲ್ಲ, ಬರೆದವರೂ ಇಲ್ಲ. ಆ ಜಾಗಗಳು ಹಾಗೆಯೇ ಖಾಲಿ ಉಳಿದಿವೆ.

ಎರಡನೆಯ ಪ್ರಶ್ನೆ ಕಡತದ ರೂಪದ್ದು. ಕಡತವನ್ನು ಹೇಗೆ ಕಟ್ಟಿದೆಯೆಂಬ ನಿಯಮಗಳು ಬಹಿರಂಗವಾಗಿದ್ದರೆ ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶವನ್ನು ರಚಿಸಬಹುದು. 'ಓಪನ್ ಡಾಕ್ಯುಮೆಂಟ್' ರೂಪ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟಿನ ಹೊಸ ರೂಪಕ್ಕೆ 2008ರಲ್ಲಿ ಆ ಮನ್ನಣೆ ಬಂದಿತು. ಮನೆಯ ಮೂಲಪ್ರತಿಯನ್ನು ಮೊದಲನೆಯದರಲ್ಲಿಟ್ಟು, ಕಚೇರಿ ಕೇಳಿದರೆ ಎರಡನೆಯದರಲ್ಲಿ ಪ್ರತಿ ಮಾಡಿ ಕೊಡಬಹುದು. ಮುದ್ರಣದವರು ಹಳೆಯ ಫಾಂಟನ್ನೇ ಬಯಸಿದರೆ ಅವರಿಗೂ ಪರಿವರ್ತಿಸಿದ ಪ್ರತಿಯನ್ನೇ ಕೊಡತಕ್ಕದ್ದು; ಮೂಲವನ್ನು ಯೂನಿಕೋಡಿನಿಂದ ಕದಲಿಸಬಾರದು.

ಮೂರನೆಯದು ಹಣದ ಪ್ರಶ್ನೆ. ಮೈಕ್ರೋಸಾಫ್ಟ್ 365 ಚಂದಾ ಪದ್ಧತಿಯದು, ಚಂದಾ ನಿಂತರೆ ಯಂತ್ರದಲ್ಲಿ ಅಳವಡಿಸಿದ ತಂತ್ರಾಂಶದಿಂದ ಕಡತವನ್ನು ನೋಡಬಹುದು, ಮುದ್ರಿಸಬಹುದು, ತಿದ್ದಲಾಗದು. ಒಮ್ಮೆಲೇ ಹಣ ತೆತ್ತು ಕೊಂಡ ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಸಂಸ್ಥೆಯ ಬೆಂಬಲ ಮುಗಿಯಿತು. ಅವು ನಡೆಯುತ್ತವೆ, ಆದರೆ ಭದ್ರತೆಯ ದುರಸ್ತಿಗಳು ಬರುವುದಿಲ್ಲ. ಗೂಗಲ್ ಡಾಕ್ಸ್‌ಗೆ ಹಣ ಬೇಡ. ಆದರೆ ಬರಹ ಇರುವುದು ಅವರ ಉಗ್ರಾಣದಲ್ಲಿ, ಬೀಗದ ಕೈ ನಮ್ಮ ಖಾತೆ.

ಲಿಬ್ರೆ ಆಫೀಸ್‌ನ ಇತಿಹಾಸ ಇಲ್ಲಿ ಬೋಧಪ್ರದವಾದದ್ದು. ಅದರ ಮೂಲ ಜರ್ಮನಿಯ ಒಂದು ಸಂಸ್ಥೆಯ ಸ್ಟಾರ್ ಆಫೀಸ್. 1999ರಲ್ಲಿ ಸನ್ ಸಂಸ್ಥೆ ಅದನ್ನು ಕೊಂಡು, ಮರುವರ್ಷ ಅದರ ಮೂಲಬರಹವನ್ನು ಲೋಕಕ್ಕೆ ತೆರೆದಿಟ್ಟಿತು. 2010ರಲ್ಲಿ ಸನ್ ಸಂಸ್ಥೆಯೇ ಒರೇಕಲ್ ಪಾಲಾಯಿತು. ಆಗ ಕೆಲಸಗಾರರು ಹಲವರು ಹೊರಬಂದು ಅದೇ ಮೂಲಬರಹದಿಂದ ಲಿಬ್ರೆ ಆಫೀಸನ್ನು ಮುಂದುವರಿಸಿದರು. ಒಡೆಯರು ಬದಲಾದರೂ ಬಳಸುವವರ ಕಡತಗಳು ಅನಾಥವಾಗಲಿಲ್ಲ. ಅದು ಉಚಿತ, ಅದರ ಆಜ್ಞೆಗಳನ್ನು ಕನ್ನಡದಲ್ಲಿಯೂ ಓದಬಹುದು. ಕಚೇರಿಯಿಂದ ಬಂದ ಜಟಿಲವಾದ ಕೋಷ್ಟಕಗಳು ಅದರಲ್ಲಿ ಕೆಲವೊಮ್ಮೆ ಆಕಾರಗೆಡುವುದುಂಟು. ಅಂತಹ ಕಡತಗಳು ನಿತ್ಯವೂ ಬರುವ ಮನೆಗೆ ಮೈಕ್ರೋಸಾಫ್ಟಿನದೇ ಸರಿ. ಉಳಿದವರಿಗೆ ಲಿಬ್ರೆ ಆಫೀಸ್ ಸಾಕೆಂಬುದು ನನ್ನ ಅಭಿಪ್ರಾಯ.

ಯಾವುದನ್ನು ಆರಿಸಿದರೂ ಒಂದು ಪರೀಕ್ಷೆ ಮಾಡಿ. ಒತ್ತಕ್ಷರಗಳು ತುಂಬಿದ ಒಂದು ಪುಟವನ್ನು ಬರೆದು, ನೆಂಟರ ಮನೆಯ ಯಂತ್ರದಲ್ಲಿ ತೆರೆದು ಓದಿ. ಅಲ್ಲಿಯೂ ಅದು ಕನ್ನಡವಾಗಿಯೇ ಕಂಡರೆ ನಿಶ್ಚಿಂತೆಯಿಂದ ಬರೆಯತೊಡಗಬಹುದು. ಬೇರೆ ಕಡೆ ಒಂದು ನಕಲನ್ನೂ ಇಟ್ಟಿರಿ. ಮಾಸ್ತಿಯವರ ಮಾಲೂರು, ಡಿ. ವಿ. ಜಿ.ಯವರ ಮುಳಬಾಗಿಲು ಎಂದು ನಾವು ಅಭಿಮಾನಪಡುವುದು ಅವರ ಬರಹ ನಮ್ಮ ಕೈಗೆ ಓದುವಂತೆ ತಲುಪಿದ್ದರಿಂದ. ನಮ್ಮದು ಅಂತಹ ಬರಹವಲ್ಲದಿರಬಹುದು. ಆದರೂ ಮೊಮ್ಮಕ್ಕಳು ತೆರೆದಾಗ ಅದು ಕನ್ನಡವಾಗಿ ಕಾಣಬೇಕಷ್ಟೆ.