ಎಳೆ ಮೂಳೆ, ಹಳೆ ನಂಬಿಕೆ

ಮಗು ಎದ್ದು ನಾಲ್ಕು ಹೆಜ್ಜೆ ಇಟ್ಟಿತೋ ಇಲ್ಲವೋ, ಮನೆಗೆ ಬಂದವರ ಕಣ್ಣೆಲ್ಲ ಅದರ ಕಾಲಿನ ಮೇಲೆ. “ಕಾಲು ಯಾಕೋ ಸೊಟ್ಟ ಇದ್ದಹಾಗಿದೆಯಲ್ಲ?” ಎಂದು ಒಬ್ಬರು ಶುರುಮಾಡಿದರೆ ಸಾಕು, ಕಾರಣ ಹುಡುಕುವ ಕೆಲಸ ಬಾಣಂತನದವರೆಗೂ ಹಿಂದಕ್ಕೆ ಹೋಗುತ್ತದೆ. ಸರಿಯಾಗಿ ಎಣ್ಣೆ ನೀವಲಿಲ್ಲ, ಬೇಗ ನಿಲ್ಲಿಸಿದರು, ಸದಾ ಡೈಪರ್ ಹಾಕಿದರು, ಬಸುರಿಯಿದ್ದಾಗ ಗ್ರಹಣ ನೋಡಿದಳು. ಎಲ್ಲ ದೂರೂ ಕೊನೆಗೆ ಬಂದು ಬೀಳುವುದು ತಾಯಿಯ ತಲೆಯ ಮೇಲೆ. ಅದೇ ಅನ್ಯಾಯ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ತಾನಾಗಿ ನೆಟ್ಟಗಾಗುವ ಕಾಲಿಗಾಗಿ ಊರೆಲ್ಲ ಅಲೆಯುವವರೇ, ಒಂದು ದಿನವೂ ತಡ ಮಾಡಬಾರದ ಕಾಯಿಲೆಯನ್ನು ‘ಉಳುಕಿರಬೇಕು’ ಎಂದು ಮನೆಯಲ್ಲಿಟ್ಟುಕೊಂಡು ಕೂರುತ್ತಾರೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದು ತಂದೆತಾಯಿಗೆ ತಿಳಿದಿರಬೇಕು.

“ಬೇಗ ನಿಲ್ಲಿಸಿದ್ದಕ್ಕೇ ಕಾಲು ಬಿಲ್ಲಾಗಿದೆ”

ಹುಟ್ಟುವಾಗ ಎಲ್ಲ ಮಕ್ಕಳ ಕಾಲೂ ಬಿಲ್ಲೇ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಅದು ನೆಟ್ಟಗಾಗುತ್ತದೆ. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ಎದುರು ದಿಕ್ಕಿಗೆ ಬಾಗುತ್ತದೆ. ಮೂರು–ನಾಲ್ಕು ವರ್ಷದ ಮಗುವಿನ ಮಂಡಿಗಳು ಒಂದಕ್ಕೊಂದು ತಾಗಿ, ಪಾದಗಳು ದೂರ ದೂರ ನಿಲ್ಲುವುದು ಇದೇ ಕಾರಣಕ್ಕೆ. ಏಳೆಂಟು ವರ್ಷಕ್ಕೆ ಕಾಲು ದೊಡ್ಡವರ ಕಾಲಿನ ಆಕಾರಕ್ಕೆ ಬರುತ್ತದೆ. ಬೇಗ ನಿಂತದ್ದರಿಂದ, ಡೈಪರ್ ಹಾಕಿದ್ದರಿಂದ ಕಾಲು ಬಾಗುವುದಿಲ್ಲ. ವಿಶೇಷ ಶೂ, ಪಟ್ಟಿಗಳಿಂದ ಅದು ಬೇಗ ನೆಟ್ಟಗಾಗುವುದೂ ಇಲ್ಲ. ಎಣ್ಣೆಸ್ನಾನ ಮಗುವಿಗೆ ಹಿತ, ನಿದ್ದೆಗೆ ಒಳ್ಳೆಯದು, ಬಿಡಬೇಕಾಗಿಲ್ಲ. ಆದರೆ ನೀವುವ ಕೈಗೆ ಮೂಳೆಯ ಆಕಾರ ತಿದ್ದುವ ಶಕ್ತಿಯಿಲ್ಲ. ಕಾಲು ಹಿಡಿದು ಎಳೆದು ತಿರುಚಿದರೆ ಎಳೆಮೂಳೆಗೆ ಪೆಟ್ಟಾದೀತು.

ವೈದ್ಯರಿಗೆ ತೋರಿಸಬೇಕಾದ ಬಾಗು ಬೇರೆಯೇ ಇದೆ. ಒಂದೇ ಕಾಲು ಬಾಗಿದ್ದರೆ, ಎರಡು ವರ್ಷ ದಾಟಿದ ಮೇಲೂ ಬಿಲ್ಲು ಹೆಚ್ಚುತ್ತಲೇ ಹೋದರೆ, ಮಣಿಕಟ್ಟು ದಪ್ಪಗಾಗಿ ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದರೆ, ಎಂಟು ದಾಟಿದರೂ ಮಂಡಿ ತಾಗುತ್ತಿದ್ದರೆ ಕಾಯಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನ ಬಗ್ಗೆಯೂ ಕೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಜೊತೆ ಮೂಳೆಯೂ ಕೆಡುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

“ಎಳೆ ಬಿಸಿಲು ತೋರಿಸ್ತೀವಿ, ರಾಗಿ ಸರಿ ತಿನ್ನಿಸ್ತೀವಿ, ಇನ್ನೇನು ಬೇಕು?”

ರಾಗಿಯ ಬಗ್ಗೆ ಹಿರಿಯರು ಹೇಳುವುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದರ ಎರಡು ಪಟ್ಟಿಗೂ ಹೆಚ್ಚು. ಆದರೆ ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಸೇರಬೇಕಾದರೆ ಡಿ ವಿಟಮಿನ್ ಬೇಕು, ಅದು ರಾಗಿಯಲ್ಲಿಲ್ಲ. ತಾಯಿಯ ಹಾಲಿನಲ್ಲೂ ಬಹಳ ಕಡಿಮೆ. ಇನ್ನು ಬಿಸಿಲು. ನಮ್ಮ ಚರ್ಮದಲ್ಲಿ ಡಿ ವಿಟಮಿನ್ ತಯಾರಾಗುವುದು ಯುವಿ–ಬಿ ಕಿರಣದಿಂದ. ಮುಂಜಾನೆಯ ಎಳೆ ಬಿಸಿಲು ಮೈಗೆ ಹಿತವೆನಿಸಿದರೂ ಅದರಲ್ಲಿ ಈ ಕಿರಣ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿ ಬೀಳುವ ಹೊತ್ತಿನ ಬಿಸಿಲಿನಲ್ಲಿ ಅದು ಸಾಕಷ್ಟಿರುತ್ತದೆ, ಆದರೆ ಆ ಬಿಸಿಲಿಗೆ ಹಸುಗೂಸನ್ನು ಹಿಡಿಯಲಾಗದು. ಕಿಟಕಿಯ ಗಾಜು ಮುಚ್ಚಿ ಒಳಗೆ ಮಲಗಿಸಿದರೆ ಇದ್ದಷ್ಟೂ ಒಳಬರುವುದಿಲ್ಲ. ವರ್ಷವಿಡೀ ಬಿಸಿಲು ಕಾಯುವ ನಮ್ಮ ನಾಡಿನಲ್ಲೂ ಮಕ್ಕಳಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಬರುವುದು ಹೀಗೆ.

ಅದಕ್ಕೇ ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಡಿ ವಿಟಮಿನ್ ಹನಿ ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಬಾಟಲಿಯಿಂದ ಬಾಟಲಿಗೆ ಹನಿಯ ಸಾಂದ್ರತೆ ಬೇರೆಯಿರುತ್ತದೆ, ಎಷ್ಟು ಎಂ.ಎಲ್. ಎಂದು ಕೇಳಿಯೇ ಕೊಡಿ. ಮನೆಯಲ್ಲಿ ದೊಡ್ಡವರಿಗೆ ತಂದಿಟ್ಟ 60,000 ಯೂನಿಟ್‌ನ ಸ್ಯಾಚೆಯನ್ನು ಕೂಸಿಗೆ ಕೊಡುವ ಸಾಹಸ ಬೇಡ. ಡಿ ವಿಟಮಿನ್ ಅತಿಯಾದರೆ ವಾಂತಿ, ಸುಸ್ತು, ಮೂತ್ರಪಿಂಡಕ್ಕೆ ತೊಂದರೆ ಎಲ್ಲವೂ ಬರುತ್ತವೆ.

“ಪಾದ ಚಪ್ಪಟೆ, ಶೂ ಹಾಕಿಸಿ”

ಒದ್ದೆ ಕಾಲಲ್ಲಿ ಮಗು ರೆಡ್ ಆಕ್ಸೈಡ್ ನೆಲದ ಮೇಲೆ ನಡೆದು ಹೋದರೆ ಪಾದದ ಅಚ್ಚು ಪೂರ್ತಿ ಮೂಡುತ್ತದೆ, ಒಳಬದಿಯ ಕಮಾನು ಕಾಣುವುದಿಲ್ಲ. ಐದಾರು ವರ್ಷದವರೆಗೆ ಇದು ಸಹಜ. ಅಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಕೀಲುಗಳೂ ಸಡಿಲ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಕಮಾನು ಕಂಡರೆ, ನೋವಿಲ್ಲದಿದ್ದರೆ, ಏನೂ ಮಾಡಬೇಕಿಲ್ಲ. ಈ ವಿಷಯದಲ್ಲಿ ಮಣಿಪಾಲದ ಮೂಳೆ ವೈದ್ಯರು 1992ರಲ್ಲಿ ಪ್ರಕಟಿಸಿದ ಸಮೀಕ್ಷೆ ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತದೆ. 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದಾಗ, ಪಾದರಕ್ಷೆ ಹಾಕುವ ಮಕ್ಕಳಲ್ಲಿ 8.6%, ಬರಿಗಾಲಲ್ಲಿ ಓಡಾಡುವವರಲ್ಲಿ 2.8% ಚಪ್ಪಟೆ ಪಾದ ಕಂಡಿತ್ತು. ದುಬಾರಿ ‘ಆರ್ಚ್’ ಶೂಗೆ ಹಣ ಸುರಿಯುವ ಮೊದಲು ಮಗುವನ್ನು ಮನೆಯಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡಿ. ಪಾದ ಗಡುಸಾಗಿದ್ದರೆ, ನೋವಿದ್ದರೆ ಮಾತ್ರ ವೈದ್ಯರ ಬಳಿ ಹೋಗಿ.

“ಗ್ರಹಣದಲ್ಲಿ ಕತ್ತರಿ ಹಿಡಿದಳು, ಮಗುವಿನ ಪಾದ ತಿರುಚಿತು”

ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಗಿರುವ ಸೊಟ್ಟ ಪಾದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ. ಗ್ರಹಣವನ್ನೇ ಲೆಕ್ಕಿಸದ ದೇಶಗಳಲ್ಲೂ ಇದೆ, ಗ್ರಹಣವೇ ಕಾಣಿಸದ ತಿಂಗಳುಗಳಲ್ಲಿ ಹೊಟ್ಟೆಯಲ್ಲಿ ಬೆಳೆದ ಮಕ್ಕಳಲ್ಲೂ ಇದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟು, ಕೆಲವು ಮನೆತನಗಳಲ್ಲಿ ಹೆಚ್ಚು. ತಾಯಿ ಕತ್ತರಿ ಹಿಡಿದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಾತನ್ನು ಹೆರಿಗೆ ವಾರ್ಡಿನಲ್ಲೇ, ಅತ್ತೆ–ಮಾವ ಕೇಳುವ ಹಾಗೆ, ವೈದ್ಯರು ಗಟ್ಟಿಯಾಗಿ ಹೇಳಬೇಕು ಎನ್ನುವುದು ನನ್ನ ಕೋರಿಕೆ.

ಎರಡನೆಯ ತಪ್ಪು ತಿಳಿವಳಿಕೆ, “ವರ್ಷ ತುಂಬಲಿ, ಆಪರೇಷನ್ ಮಾಡಿಸೋಣ” ಎನ್ನುವುದು. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಐಯೋವಾದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೊ ಪೊನ್ಸೆಟಿ ಕಳೆದ ಶತಮಾನದ ನಡುವಿನಲ್ಲೇ ಬೇರೆ ದಾರಿ ತೋರಿಸಿದರು. ಹುಟ್ಟಿದ ಒಂದೆರಡು ವಾರದಲ್ಲಿ ಶುರುಮಾಡಬಹುದು. ತಾಯಿ ಮಡಿಲಲ್ಲಿ ಕೂಸಿಗೆ ಹಾಲು ಕುಡಿಸುತ್ತಿರುವಾಗ ವೈದ್ಯರು ಪಾದವನ್ನು ಬೆರಳುಗಳಲ್ಲಿ ಮೆಲ್ಲಗೆ ಹಿಡಿದು, ಅದು ಒಪ್ಪುವಷ್ಟೇ ಹೊರಕ್ಕೆ ತಿರುಗಿಸಿ, ಕಾಲ್ಬೆರಳಿನಿಂದ ತೊಡೆಯ ಸಂದಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿರುಗಿಸಿ, ಹೊಸದು. ಹೀಗೆ ಸಾಮಾನ್ಯವಾಗಿ ಐದಾರು ಬಾರಿ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಒಂದು ಚಿಕ್ಕ ಕೊಯ್ತ ಬೇಕಾಗುತ್ತದೆ, ಮತ್ತೆ ಮೂರು ವಾರ ಪ್ಲಾಸ್ಟರ್. ಅಲ್ಲಿಗೆ ಪಾದ ನೆಟ್ಟಗಾಗುತ್ತದೆ.

ಎಷ್ಟೋ ಮನೆಗಳು ಸೋಲುವುದು ಇಲ್ಲಿಂದ ಮುಂದೆ. ಎರಡು ಶೂಗಳ ನಡುವೆ ಸರಳು ಇರುವ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ ಹಾಕಬೇಕು. “ಸರಿಯಾಗಿದೆಯಲ್ಲ, ಪಾಪ ಅಳುತ್ತೆ” ಎಂದು ಬಿಚ್ಚಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಸೊಟ್ಟ ಮರುಕಳಿಸಲು ಮುಖ್ಯ ಕಾರಣ ಇದೇ. ಖರ್ಚಿನ ಹೆದರಿಕೆಯಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕೇಳಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸೊಟ್ಟ ಪಾದಕ್ಕೆ ಉಚಿತ ಚಿಕಿತ್ಸೆಯಿದೆ.

“ಕಾಲು ಮುಂದಾಗಿ ಹುಟ್ಟಿದ ಮಗು, ಅದೃಷ್ಟವಂತ”

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇಂದಿಗೂ ಇದೆ. ಆದರೆ ಹಾಗೆ ಹುಟ್ಟಿದ ಮಗುವಿನ ಸೊಂಟವನ್ನೇ ಮೊದಲು ನೋಡಬೇಕು. ತೊಡೆಮೂಳೆಯ ಗುಂಡು ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿರುವ ತೊಂದರೆ ಇಂಥ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹೆಚ್ಚು. ಮಗುವಿಗೆ ನೋವಿರುವುದಿಲ್ಲ, ಹಾಗಾಗಿ ನಡೆಯುವಾಗ ಕುಂಟುವವರೆಗೂ ಯಾರಿಗೂ ಗೊತ್ತಾಗದು. ಆರನೆಯ ವಾರದ ಹೊತ್ತಿಗೆ ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಸಾಕು. ಆರು ತಿಂಗಳೊಳಗೆ ಸಿಕ್ಕರೆ ಬಟ್ಟೆಪಟ್ಟಿಯ ಬ್ರೇಸಿನಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು, ನಡಿಗೆ ಬಂದ ಮೇಲಾದರೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಹೆಚ್ಚು.

ಅಜ್ಜಿಯರ ಒಂದು ಅಭ್ಯಾಸವನ್ನು ಇಲ್ಲಿ ಮೆಚ್ಚಲೇಬೇಕು. ಮಗುವನ್ನು ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿದರೆ ಕಾಲು ಸೊಟ್ಟಗಾಗುತ್ತದೆ ಎಂದು ಈಗಿನವರು ಹೆದರುತ್ತಾರೆ. ನಿಜದಲ್ಲಿ ಆ ಭಂಗಿಯೇ ಸೊಂಟದ ಕೀಲಿಗೆ ಒಳ್ಳೆಯದು. ಕೆಡುಕಿರುವುದು ಕೂಸಿನ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುವುದರಲ್ಲಿ. ಜಪಾನಿನಲ್ಲಿ 1975ರ ಸುಮಾರಿಗೆ ಈ ಸುತ್ತುವಿಕೆಯ ವಿರುದ್ಧ ದೇಶವ್ಯಾಪಿ ತಿಳಿವಳಿಕೆ ನೀಡಿದ ಮೇಲೆ ಸೊಂಟದ ಕೀಲು ತಪ್ಪುವ ಪ್ರಕರಣಗಳು ಬಹಳ ಇಳಿದವು.

“ಎಳೆ ಮೂಳೆ, ಕಟ್ಟು ಕಟ್ಟಿಸಿದರೆ ಕೂಡುತ್ತೆ”

ಕೂಡುತ್ತದೆ, ಸುಳ್ಳಲ್ಲ. ಮಕ್ಕಳ ಮೂಳೆಗೆ ತಾನಾಗಿ ಕೂಡುವ, ಸ್ವಲ್ಪ ಸೊಟ್ಟ ಕೂಡಿದರೂ ಬೆಳೆಯುತ್ತಾ ತಿದ್ದಿಕೊಳ್ಳುವ ಶಕ್ತಿಯಿದೆ. ನಾಟಿ ಕಟ್ಟಿನ ಕೀರ್ತಿಯಲ್ಲಿ ದೊಡ್ಡ ಪಾಲು ಈ ಶಕ್ತಿಯದು. ಆದರೆ ಮಾವಿನ ಮರದಿಂದಲೋ ಗೋಡೆಯಿಂದಲೋ ಬಿದ್ದ ಐದಾರು ವರ್ಷದ ಮಗುವಿನ ಮೊಣಕೈ ಊದಿಕೊಂಡಿದ್ದರೆ ಅದು ಬೇರೆ ಲೆಕ್ಕ. ಮೊಣಕೈಗೆ ತುಸು ಮೇಲೆ ಮೂಳೆ ಮುರಿದಿರುವ ಸಂಭವ ಹೆಚ್ಚು. ಮುಂಗೈಗೆ ರಕ್ತ ಒಯ್ಯುವ ನಾಳವೂ ನರಗಳೂ ಹಾದುಹೋಗುವುದು ಅಲ್ಲೇ. ಊತ ಏರುತ್ತಿರುವಾಗ ಬಿದಿರಿನ ಸೀಳು, ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಹಾಕಿ ಬಿಗಿದು ಕಟ್ಟಿದರೆ ರಕ್ತ ಹರಿಯದೆ ಮುಂಗೈ ಮಾಂಸ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಬೆರಳುಗಳು ಒಳಕ್ಕೆ ಸುರುಟಿ, ಆ ಕೈ ಜೀವನವಿಡೀ ಪೆನ್ಸಿಲ್ ಹಿಡಿಯಲಾಗದಂತಾಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ವೋಕ್‌ಮನ್ 1881ರಲ್ಲೇ ಬಿಗಿ ಕಟ್ಟಿನಿಂದ ಹೀಗಾಗುವುದನ್ನು ವಿವರಿಸಿದ್ದರು.

ನಾಟಿ ಕಟ್ಟಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಇರಲಿ, ಕಟ್ಟಿದ ಮೇಲೆ ಮಗುವಿನ ಬೆರಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿ ನೋಡಿ. ಬಿಡಿಸಿದಾಗ ಕಿರುಚಿದರೆ, ಬೆರಳು ಬಿಳಿಚಿ ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಔಷಧಿ ಕೊಟ್ಟರೂ ಅಳು ನಿಲ್ಲದಿದ್ದರೆ ಆಗಲೇ ಆಸ್ಪತ್ರೆಗೆ ಓಡಿ ಕಟ್ಟು ಬಿಡಿಸಬೇಕು. ಇನ್ನು, ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊಣಕೈ ಬಿಗಿಯಾಗಿದೆ ಎಂದು ಎಣ್ಣೆ ಹಾಕಿ ನೀವುವುದು, ಎಳೆದು ಬಗ್ಗಿಸುವುದು ಬೇಡವೇ ಬೇಡ. ಸುತ್ತಲಿನ ಮಾಂಸದಲ್ಲಿ ಮೂಳೆ ಬೆಳೆದು ಕೈ ಖಾಯಂ ಬಿಗಿದುಕೊಳ್ಳಬಹುದು. ಮಗು ಆಡುತ್ತಾ ಆಡುತ್ತಾ ತಾನೇ ಬಿಡಿಸಿಕೊಳ್ಳುತ್ತದೆ.

“ಸಂಧಿವಾತ ಮುದುಕರ ಕಾಯಿಲೆ”

ವರ್ಷದ ಮಗುವಿಗೂ ಬರಬಹುದು. ಬೆಳಿಗ್ಗೆ ಎದ್ದಾಗ ಕುಂಟಿ, ಹೊತ್ತೇರಿದಂತೆ ಸರಿಹೋಗುವ ಮಗುವನ್ನು ‘ಶಾಲೆ ತಪ್ಪಿಸಲು ನಾಟಕ’ ಎಂದು ಗದರಬೇಡಿ. ಕೀಲಿನ ಊತ ಆರು ವಾರ ಮೀರಿದರೆ ಮಕ್ಕಳ ಸಂಧಿವಾತದ ಅನುಮಾನ ಬರಬೇಕು. ಇದರ ಜೊತೆ ಕಣ್ಣಿನೊಳಗೂ ಉರಿಯೂತವಾಗಬಹುದು. ಕಣ್ಣು ಕೆಂಪಾಗದು, ನೋಯದು, ಸದ್ದಿಲ್ಲದೆ ದೃಷ್ಟಿ ಹೋಗುತ್ತದೆ. ಹಾಗಾಗಿ ಕಣ್ಣಿನ ತಪಾಸಣೆ ನಿಯಮಿತವಾಗಿ ಆಗಲೇಬೇಕು. ಬರೀ ‘ಎ.ಎಸ್.ಓ. ಜಾಸ್ತಿ ಇದೆ’ ಎಂಬ ಒಂದೇ ರಕ್ತಪರೀಕ್ಷೆ ನೋಡಿ, ರುಮ್ಯಾಟಿಕ್ ಜ್ವರವೆಂದು ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಮಕ್ಕಳಿದ್ದಾರೆ. ಹಿಂದೆಂದೋ ಗಂಟಲು ಸೋಂಕಾಗಿತ್ತು ಎಂದಷ್ಟೇ ಆ ಪರೀಕ್ಷೆ ಹೇಳುತ್ತದೆ; ರುಮ್ಯಾಟಿಕ್ ಜ್ವರ ಹೌದೋ ಅಲ್ಲವೋ ಎಂದು ನಿರ್ಧರಿಸಲು ಕೀಲು, ಹೃದಯ ಎಲ್ಲವನ್ನೂ ನೋಡಬೇಕು.

ರಾತ್ರಿ ಎರಡೂ ಕಾಲು ನೋಯುತ್ತದೆಂದು ಅತ್ತು, ಒತ್ತಿಸಿಕೊಂಡು ಮಲಗಿ, ಬೆಳಿಗ್ಗೆ ಕುಣಿಯುವ ಮಗುವಿಗೆ ಇರುವುದು ಬೆಳೆಯುವ ವಯಸ್ಸಿನ ಸಾಮಾನ್ಯ ನೋವು. ಒಂದೇ ಜಾಗ, ಒಂದೇ ಕಾಲು, ಕುಂಟು, ಜ್ವರ, ತೂಕ ಇಳಿಕೆ ಇದ್ದರೆ ಹಾಗೆನ್ನಬೇಡಿ. ರಕ್ತದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಮೊದಲು ಮೂಳೆನೋವಾಗಿ ಕಾಣಿಸಿಕೊಳ್ಳುತ್ತದೆ. ಮಂಡಿ ನೋವೆಂದು ಕುಂಟುವ ಮಗುವಿನ ಸೊಂಟವನ್ನೂ ಪರೀಕ್ಷಿಸಬೇಕು. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗುವ ಪರ್ಥಿಸ್ ಕಾಯಿಲೆಯಲ್ಲಿ ನೋವು ಮಂಡಿಯಲ್ಲಿ ತೋರುತ್ತದೆ. ನಮ್ಮ ಕರಾವಳಿಯಲ್ಲಿ ಇದು ಹೆಚ್ಚು ಎಂದು ಮಣಿಪಾಲದ ಅಧ್ಯಯನಗಳೇ ತೋರಿಸಿವೆ. ಶಾಲೆಯ ಬ್ಯಾಗ್ ಹೊತ್ತು ಬೆನ್ನು ನೋಯುವುದು ನಿಜ, ಆದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಬ್ಯಾಗಿನಿಂದ ಬರುವುದಿಲ್ಲ.

“ಉಳುಕಿರಬೇಕು, ನೀವಿಸಿ”

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ತುರ್ತಿನದು. ಹಸುಗೂಸು ಒಂದು ಕಾಲನ್ನೋ ಕೈಯನ್ನೋ ಆಡಿಸುವುದೇ ಇಲ್ಲ, ಬಟ್ಟೆ ಬದಲಿಸಲು ಮುಟ್ಟಿದರೆ ಚೀರುತ್ತದೆ, ಹಾಲು ಬಿಟ್ಟಿದೆ. ದೊಡ್ಡ ಮಗುವಾದರೆ ಜ್ವರವಿದೆ, ಕಾಲು ಊರಲೊಲ್ಲದು. ಇದು ಉಳುಕಲ್ಲ, ಕೀಲಿನೊಳಗೆ ಕೀವು ತುಂಬಿರಬಹುದು. ನವಜಾತ ಶಿಶುವಿಗೆ ಜ್ವರ ಬಾರದೆಯೂ ಹೀಗಾಗಬಹುದು. ಮೊದಲ ದಿನಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಅದನ್ನು ನಂಬಿ ವಾಪಸ್ ಬರಬೇಡಿ. ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಕೀಲಿನಿಂದ ಸೂಜಿಯಲ್ಲಿ ದ್ರವ ತೆಗೆದು ನೋಡುವುದು ಆಗಬೇಕು. ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ, ಸೊಂಟದಲ್ಲಾದರೆ ತೊಡೆಮೂಳೆಯ ತಲೆಯೇ ಕರಗಿಹೋಗಿ ಕಾಲು ಗಿಡ್ಡವಾಗಿ ಉಳಿಯಬಹುದು. ಎಣ್ಣೆ, ಶಾಖ, ನೀವುವುದು ಯಾವುದೂ ಬೇಡ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಮಕ್ಕಳ ವೈದ್ಯರೂ ಮೂಳೆ ವೈದ್ಯರೂ ಇರುವ ಆಸ್ಪತ್ರೆಗೆ ಹೊರಡಿ. ಅರಿವಳಿಕೆ ಕೊಟ್ಟು ಕೀವು ತೆಗೆಯಬೇಕಾಗಬಹುದು; ಮಗುವಿಗೆ ಕೊನೆಯ ಸಲ ಹಾಲೋ ಊಟವೋ ಕೊಟ್ಟದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡು ಹೋಗಿ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.